ಮನೆಗೆ ಬಂದು ಕರೆಯಬೇಕು

“ನಮ್ಮ ವಂಶಕ್ಕೆ ಡಿಗ್ರಿ ಆಗಿಬರಲ್ಲ ಕಣೇ” ಎಂದು ಹೇಳಿದವರು ನಮ್ಮ ದೊಡ್ಡಮ್ಮ. ಕೋಪದಿಂದ ಹೇಳಿದ್ದಲ್ಲ, ಹೊಟ್ಟೆಕಿಚ್ಚಿನಿಂದಲೂ ಅಲ್ಲ. ನನಗೆ ಬದನೆಕಾಯಿ ಆಗಿಬರಲ್ಲ, ಮೈ ಕೆರೆಯುತ್ತೆ ಎನ್ನುವಷ್ಟು ಸಲೀಸಾಗಿ, ಅಕ್ಕಿ ಆರಿಸುತ್ತಾ ಹೇಳಿದರು. ನಾನು ಬಿಕಾಂನ ಕಾಸ್ಟ್ ಅಕೌಂಟಿಂಗ್ ಪೇಪರಿನಲ್ಲಿ ಫೇಲಾಗಿ ಮನೆಗೆ ಬಂದ ದಿನ ಅದು. ದೊಡ್ಡಪ್ಪ ಪಿಯುಸಿಗೆ ನಿಲ್ಲಿಸಿದ್ದು, ನಮ್ಮಪ್ಪ ಎಸ್ಸೆಸ್ಸೆಲ್ಸಿಗೇ ಅಂಗಡಿ ಸೇರಿದ್ದು, ದೊಡ್ಡಮ್ಮನ ಮಗ ಮಂಜಣ್ಣ ಕಾಲೇಜಿಗೆ ಹೋದ ಹಾಗೆ ಮಾಡಿ ಅರ್ಧಕ್ಕೆ ಬಿಟ್ಟಿದ್ದು, ಎಲ್ಲವೂ ಅವರ ಪ್ರಕಾರ ಒಂದೇ ಸಾಲಿನ ಸಾಕ್ಷಿ. ಈಗ ನಾನೂ ಆ ಸಾಲಿಗೆ ಸೇರಿದ್ದೆ.

ಹೋದ ವಾರ ಯಾರದೋ ಮದುವೆಯ ಕಾರ್ಡು ಮನೆಗೆ ಬಂತು. ಲಕೋಟೆ ಬಿಚ್ಚಿದೆ. ಹೊಸ ಇಂಕಿನ ವಾಸನೆ, ಅದರ ಮೇಲೆ ನಾಲ್ಕು ಮೂಲೆಗೂ ಹಚ್ಚಿದ ಹಸಿ ಅರಿಶಿನದ ವಾಸನೆ. ಬೇರೆಯವರಿಗೆ ಆ ವಾಸನೆಗೆ ಮಂಗಳವಾದ್ಯ ನೆನಪಾಗಬಹುದು. ನನಗೆ ಹೊಟ್ಟೆಯಲ್ಲಿ ಕಾಫಿಯ ಹುಳಿ ಎದ್ದಿತು. ಮಂಜಣ್ಣನ ಮದುವೆಗೆ ಕರೆಯಲು ಅಲೆದ ಆ ಮೇ ತಿಂಗಳು ನಾನು ಕುಡಿದಷ್ಟು ಕಾಫಿಯನ್ನು ಜನ್ಮದಲ್ಲಿ ಕುಡಿದಿಲ್ಲ.

ಶ್ರೀನಗರದಲ್ಲಿ ನಮ್ಮದು ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಚಟ್ನಿಪುಡಿ. ರಸ್ತೆಗೆ ಅಂಗಡಿ, ಅದರ ಹಿಂದಿನ ಎರಡು ಕೋಣೆಯಲ್ಲಿ ನಾನು ಮತ್ತು ಅಮ್ಮ. ಮಹಡಿಯ ಮೇಲೆ ದೊಡ್ಡಪ್ಪ, ದೊಡ್ಡಮ್ಮ, ಮಂಜಣ್ಣ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದರು. ಆಮೇಲೆ ಅಂಗಡಿಯ ಒಲೆ ಅಮ್ಮನ ಪಾಲಿಗೆ, ಗಲ್ಲಾ ದೊಡ್ಡಪ್ಪನ ಪಾಲಿಗೆ, ಇಡೀ ಮನೆಯ ಮಾತು ದೊಡ್ಡಮ್ಮನ ಪಾಲಿಗೆ ಬಂತು.

ಫೇಲಾದ ಪೇಪರನ್ನು ಮತ್ತೆ ಬರೆಯಲು ಅದೇ ನನಗೆ ಕೊನೆಯ ಅವಕಾಶ. ಸಿಲಬಸ್ ಬದಲಾಗುತ್ತಿತ್ತು, ಈ ಸಲ ಹೋದರೆ ಮುಂದಿನ ಸಲ ಆ ಪೇಪರೇ ಇರುವುದಿಲ್ಲ ಎಂದು ಕಾಲೇಜಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ಪರೀಕ್ಷೆ ಮೇ ಕೊನೆಯ ಗುರುವಾರ. ಮಂಜಣ್ಣನ ಮದುವೆ ಅದೇ ವಾರದ ಭಾನುವಾರ, ಬನಶಂಕರಿಯ ಒಂದು ಛತ್ರದಲ್ಲಿ. ಮೊದಲಿಗೆ ಇದರಲ್ಲಿ ನನಗೆ ತೊಂದರೆ ಏನೂ ಕಾಣಲಿಲ್ಲ. ಮದುವೆ ಅವನದು, ಪರೀಕ್ಷೆ ನನ್ನದು, ನಡುವೆ ಎರಡು ದಿನ ಬೇರೆ ಇತ್ತು.

ತೊಂದರೆ ಕಾರ್ಡು ಬಂದ ದಿನ ಶುರುವಾಯಿತು.

“ಎಲ್ರಿಗೂ ವಾಟ್ಸಾಪಲ್ಲಿ ಹಾಕಿದ್ರೆ ಆಯ್ತಮ್ಮ. ತೀರಾ ಹತ್ತಿರದವ್ರಿಗೆ ಒಂದು ಫೋನ್ ಮಾಡು,” ಎಂದ ಮಂಜಣ್ಣ.

ದೊಡ್ಡಮ್ಮ ಅವನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. “ಫೋನಲ್ಲಿ ಕರೆದ್ರೆ ಫೋನಲ್ಲೇ ಊಟ ಮಾಡ್ತಾರೆ. ಮನೆಗೆ ಹೋಗಿ, ಕುಂಕುಮ ಕೊಟ್ಟು, ಕೈಗೆ ಕಾರ್ಡ್ ಕೊಟ್ಟು ಕರೀಬೇಕು. ನಿಮ್ಮಪ್ಪನ ಮದುವೆಗೆ ಹಂಗೇ ಕರೆದಿದ್ದು.”

“ಆಗ ಬೆಂಗಳೂರು ಇಷ್ಟು ದೊಡ್ಡದಿರ್ಲಿಲ್ಲ.”

“ಮರ್ಯಾದೆ ಆಗ್ಲೂ ಅಷ್ಟೇ ಇತ್ತು, ಈಗ್ಲೂ ಅಷ್ಟೇ ಇದೆ.”

ಹೋಗುವವರು ಯಾರು? ಮಂಜಣ್ಣನಿಗೆ ರಜೆ ಇಲ್ಲ. ದೊಡ್ಡಪ್ಪ ಅಂಗಡಿ ಬಿಟ್ಟು ಏಳುವಂತಿಲ್ಲ. ಅಮ್ಮನ ಹೆಸರನ್ನು ಯಾರೂ ಎತ್ತಲೇ ಇಲ್ಲ. ಶುಭಕಾರ್ಯಕ್ಕೆ ಕರೆಯಲು ಗಂಡನಿಲ್ಲದವಳು ಹೋಗುವುದಿಲ್ಲ ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆಯೇ ನಡೆಸುತ್ತಾರೆ. ಹಣೆಗೆ ವಿಭೂತಿ ಇಟ್ಟುಕೊಳ್ಳುವ ಜನ ನಾವು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ವಚನ ಇರುತ್ತದೆ. ಅಪಶಕುನ, ಮೈಲಿಗೆ ನಮಗಿಲ್ಲ ಎಂದು ಬೇರೆಯವರ ಮುಂದೆ ಎದೆಯುಬ್ಬಿಸಿ ಹೇಳುತ್ತೇವೆ. ಕಾರ್ಡು ಕೊಡಲು ಹೊರಡುವಾಗ ಮಾತ್ರ ಅಮ್ಮ ಅಡುಗೆಮನೆಯ ಬಾಗಿಲಿನ ಹಿಂದೆ ನಿಂತಿರುತ್ತಾಳೆ.

ಉಳಿದವಳು ನಾನು. ನನಗೆ ಸ್ಕೂಟರ್ ಓಡಿಸಲು ಬರುತ್ತದೆ, ಮೊಬೈಲಿನಲ್ಲಿ ದಾರಿ ನೋಡಲು ಬರುತ್ತದೆ, ಮತ್ತು ದೊಡ್ಡಮ್ಮನ ಲೆಕ್ಕದಲ್ಲಿ ನನಗೆ ಬೇರೆ ಕೆಲಸವಿಲ್ಲ.

“ಓದ್ಕೋಬೇಕು ದೊಡ್ಡಮ್ಮ.”

“ಹೋಗೋದು ಬರೋದು ಎಷ್ಟು ಹೊತ್ತು? ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

ಅಡ್ಜಸ್ಟ್ ಮಾಡಿಕೊಳ್ಳುವುದು ನಮ್ಮೂರಿನವರ ದೊಡ್ಡ ಗುಣ ಎಂದು ಹೊರಗಿನವರು ಹೊಗಳುತ್ತಾರೆ. ಅಡ್ಜಸ್ಟ್ ಮಾಡ್ಕೋ ಎನ್ನುವವರು ಯಾರು, ಮಾಡಿಕೊಳ್ಳುವವರು ಯಾರು ಎಂದು ಅವರು ಒಂದು ವಾರ ನಮ್ಮ ಮನೆಯಲ್ಲಿದ್ದು ನೋಡಬೇಕು.

ಹೀಗೆ ನಾನು ಮುಂದೆ, ದೊಡ್ಡಮ್ಮ ಹಿಂದೆ, ಅವರ ತೊಡೆಯ ಮೇಲೆ ಕಾರ್ಡು, ಕುಂಕುಮ, ಹೂವಿನ ಚೀಲ. ಬೆಳಿಗ್ಗೆ ಸುಡುಬಿಸಿಲು, ಮೂರು ಗಂಟೆಯಾದರೆ ಆಕಾಶ ಕಪ್ಪು. ಜಯನಗರದ ಮರಗಳು ಒಂದೊಂದು ಗಾಳಿಗೂ ಒಂದೊಂದು ಕೊಂಬೆ ಉದುರಿಸುತ್ತಿದ್ದವು. ಗಾಡಿ ಓಡಿಸುತ್ತಲೇ ನಾನು ಕಾಸ್ಟ್ ಶೀಟಿನ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಪ್ರೈಮ್ ಕಾಸ್ಟ್, ವರ್ಕ್ಸ್ ಕಾಸ್ಟ್, ಕಾಸ್ಟ್ ಆಫ್ ಪ್ರೊಡಕ್ಷನ್.

“ಏನೇ ಅದು ಗೊಣಗೋದು?”

“ಪಾಠ.”

“ಪಾಠ ಆಮೇಲೆ ಹೇಳು. ಮುಂದೆ ಗುಂಡಿ ನೋಡು.”

ಕರೆಯುವುದು ಎಂದರೆ ಕಾರ್ಡು ಕೊಟ್ಟು ಬರುವುದು ಎಂದು ಯಾರಾದರೂ ತಿಳಿದಿದ್ದರೆ ಅವರು ದಕ್ಷಿಣ ಬೆಂಗಳೂರಿನವರಲ್ಲ. ಮೊದಲು ಗೇಟಿನ ಹತ್ತಿರ “ಅಯ್ಯೋ, ಬನ್ನಿ ಬನ್ನಿ, ಫೋನಾದ್ರೂ ಮಾಡಿ ಬರಬಾರ್ದಾ.” ಫೋನು ಮಾಡಿಯೇ ಬಂದಿರುತ್ತೇವೆ. ಆಮೇಲೆ “ಏನ್ ತಗೋತೀರ?” “ಏನೂ ಬೇಡ, ಈಗ ತಾನೆ ಕುಡಿದ್ವಿ.” “ಹಂಗಂದ್ರೆ ಹೆಂಗೆ?” ಇದು ಮೂರು ಸುತ್ತು ನಡೆಯಬೇಕು. ಮೊದಲ ಸುತ್ತಿಗೇ ಒಪ್ಪಿಕೊಂಡರೆ ಹೊಟ್ಟೆಬಾಕರು, ಮೂರನೆಯದಕ್ಕೂ ಒಪ್ಪದಿದ್ದರೆ ಜಂಬದವರು. ಕಾಫಿ ಬರುವ ತನಕ ಈಗಿರುವ ಕಾಯಿಲೆಗಳ ಮಾತು, ಬಂದ ಮೇಲೆ ವಾಸಿಯಾದ ಕಾಯಿಲೆಗಳ ಮಾತು. ಆಮೇಲೆ ಕಣ್ಣು ನನ್ನ ಮೇಲೆ.

“ಏನ್ ಓದ್ತಿದ್ದೀಯಮ್ಮ?”

“ಬಿಕಾಂ ಆಂಟಿ. ಪರೀಕ್ಷೆ ಇದೆ ಈ ತಿಂಗಳು.”

“ಒಳ್ಳೇದು. ಮುಂದಿನ ವರ್ಷ ಇವಳ ಕಾರ್ಡೇ ತಗೊಂಡು ಬನ್ನಿ ಮತ್ತೆ.”

ಪರೀಕ್ಷೆ ಎಂದು ಹೇಳಿದ ಮೇಲೂ ಒಂದು ಮನೆಯಲ್ಲೂ ಯಾವ ಪರೀಕ್ಷೆ ಎಂದು ಕೇಳಲಿಲ್ಲ.

ಇದೆಲ್ಲ ಮುಗಿದು “ಬರ್ತೀವಿ” ಎಂದು ಎದ್ದರೆ ಹೊರಟ ಹಾಗಲ್ಲ. ನಿಜವಾದ ಮಾತು ಶುರುವಾಗುವುದೇ ಚಪ್ಪಲಿ ಹಾಕಿಕೊಂಡ ಮೇಲೆ. ಯಾವ ಮನೆಯಲ್ಲಿ ಸೊಸೆ ಬೇರೆ ಹೋದಳು, ಯಾರ ಸೈಟು ಯಾರ ಹೆಸರಿಗಾಯಿತು, ಎಲ್ಲವೂ ಗೇಟಿನ ಕಂಬ ಹಿಡಿದುಕೊಂಡೇ. ನಾನು ಗಾಡಿ ಸ್ಟಾರ್ಟ್ ಮಾಡಿ ಹಿಡಿದಿರುತ್ತಿದ್ದೆ. ದೊಡ್ಡಮ್ಮ ಒಂದು ಕಾಲು ಎತ್ತಿ ಮತ್ತೆ ಕೆಳಗಿಡುತ್ತಿದ್ದರು.

ಬಿಟಿಎಂನಲ್ಲಿ ಹಾವೇರಿ ಕಡೆಯ ಒಂದು ಸಂಸಾರ ಬಾಡಿಗೆಗಿತ್ತು, ಹೆಣ್ಣಿನ ಕಡೆಯಿಂದ ನೆಂಟರು. ಬಾಗಿಲು ತೆರೆದ ಹೆಂಗಸು ಬೆವೆತಿದ್ದ ನಮ್ಮಿಬ್ಬರನ್ನೂ ನೋಡಿ, “ಫೋನ್ ಮಾಡಿದ್ರ ಸಾಕಿತ್ತಲ್ರೀ, ಇಷ್ಟು ದೂರ ಯಾಕ ಬಂದ್ರಿ? ಕೂಡ್ರಿ, ರೊಟ್ಟಿ ಉಂಡು ಹೋಗ್ರಿ,” ಎಂದರು. ಬೇಡ ಎನ್ನುವ ಮೊದಲೇ ತಟ್ಟೆ ಬಂದಿತ್ತು. ಸುತ್ತು ಇಲ್ಲ, ಬಿಂಕ ಇಲ್ಲ. ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಮೆಟ್ಟಿಲಿಳಿಯುವಾಗ ದೊಡ್ಡಮ್ಮ ಮೆಲ್ಲಗೆ, “ಪಾಪ, ಒಳ್ಳೇ ಜನ. ಪದ್ಧತಿ ಗೊತ್ತಿಲ್ಲ ಅಷ್ಟೆ,” ಎಂದರು.

ದೊಡ್ಡಮ್ಮನಿಗೆ ಇಬ್ಬರು ಅಣ್ಣಂದಿರು. ನಮ್ಮ ಕಡೆ ನೆಂಟರನ್ನು ಅವರವರ ಬಡಾವಣೆಯ ಹೆಸರಿನಿಂದಲೇ ಕರೆಯುತ್ತೇವೆ. ದೊಡ್ಡವರು ಅಂಜನಾಪುರದ ಮಾವ, ಚಿಕ್ಕವರು ತಿಲಕ್‌ನಗರದ ಮಾವ. ಇಬ್ಬರೂ ಮಂಜಣ್ಣನಿಗೆ ಸೋದರಮಾವಂದಿರು. ಅವರಿಲ್ಲದೆ ಮದುವೆಯ ಶಾಸ್ತ್ರಗಳು ಮುಂದೆ ಹೋಗುವುದಿಲ್ಲ. ಅವರನ್ನು ಕರೆಯಲು ಹೊರಟಿದ್ದು ಒಂದು ಶುಕ್ರವಾರ. ರಾಹುಕಾಲ ಕಳೆಯಲಿ ಎಂದು ಕಾದು ಮನೆ ಬಿಟ್ಟಾಗ ಮಧ್ಯಾಹ್ನವಾಗಿತ್ತು. ಬನ್ನೇರುಘಟ್ಟದ ಕಡೆ ಆಗಲೇ ಮೋಡ. ನಾನು ದಾರಿ ನೋಡಿದೆ. ತಿಲಕ್‌ನಗರ ಹತ್ತಿರ, ಅಂಜನಾಪುರ ದೂರ. ಮೊದಲು ತಿಲಕ್‌ನಗರ, ಅಲ್ಲಿಂದ ಜೆಪಿ ನಗರ, ಕನಕಪುರ ರಸ್ತೆ, ಅಂಜನಾಪುರ, ಹಾಗೇ ವಾಪಸ್. ಒಂದೇ ಸುತ್ತು. ದೊಡ್ಡಮ್ಮನಿಗೂ ಹೇಳಿದೆ. “ಬೇಗ ಆಗೋ ಹಂಗೆ ಮಾಡು” ಎಂದರು. ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರನ್ನೇ ಕೇಳಿ, ಈಗಲೂ ಅದೇ ಸರಿಯಾದ ದಾರಿ ಅನ್ನುತ್ತಾರೆ.

ತಿಲಕ್‌ನಗರದ ಮಾವನ ಮನೆಯಲ್ಲಿ ಕಾಫಿ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ರಸ್ತೆ ತುಂಬ ಮೊಣಕಾಲುದ್ದ ನೀರು. ಕತ್ತಲಾಗುವ ತನಕ ಅಲ್ಲೇ ಕೂತು, ಅಂಜನಾಪುರ ನಾಳೆಗಿರಲಿ ಎಂದುಕೊಂಡು ಮನೆಗೆ ಬಂದೆವು. ಅಷ್ಟರಲ್ಲಿ ತಿಲಕ್‌ನಗರದ ಮಾವ ಅಣ್ಣನಿಗೆ ಫೋನು ಮಾಡಿ, “ನಮ್ಮನೆಗೆ ಕಾರ್ಡ್ ಬಂತು, ನಿಮ್ಗೆ ಆಗ್ಲೇ ಬಂದಿರ್ಬೇಕಲ್ಲ?” ಎಂದು ಕೇಳಿಯಾಗಿತ್ತು.

ಮಾರನೆಯ ದಿನ ಅಂಜನಾಪುರಕ್ಕೆ ಹೋದರೆ ಅತ್ತೆ ಮಾತ್ರ ಹೊರಗೆ ಬಂದರು. ಒಳಗಿನ ಕೋಣೆಯಲ್ಲಿ ಟೀವಿ ಹಾಡುತ್ತಿತ್ತು, ಮಾವನ ಕೆಮ್ಮೂ ಕೇಳುತ್ತಿತ್ತು. ಮಾವ ಮಾತ್ರ ಹೊರಗೆ ಬರಲಿಲ್ಲ. ಕಾರ್ಡು ಟೀಪಾಯಿಯ ಮೇಲೆ ಹಾಗೇ ಬಿದ್ದಿತ್ತು. ಜೀವನದಲ್ಲಿ ಮೊದಲ ಸಲ ಒಂದು ಮನೆಯಲ್ಲಿ ನಮಗೆ ಕಾಫಿ ಕೊಡಲಿಲ್ಲ. ನಾನು ಒಳಗೊಳಗೇ ಸಂತೋಷಪಟ್ಟೆ. ಪಕ್ಕಕ್ಕೆ ತಿರುಗಿದರೆ ದೊಡ್ಡಮ್ಮನ ಕಣ್ಣಲ್ಲಿ ನೀರು.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಅಣ್ಣನಿಗೆ ದಿನವೂ ದೊಡ್ಡಮ್ಮನ ಫೋನು, ಅವರು ಎತ್ತುವುದಿಲ್ಲ. ಮದುವೆಯ ವಾರದ ಸೋಮವಾರ ಕೊನೆಗೂ ಎತ್ತಿದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ಹಿರಿಯನ್ನ ಬಿಟ್ಟು ಕಿರಿಯನ್ನ ಮೊದ್ಲು ಕರೆದ ಮೇಲೆ ನಾನ್ಯಾಕೆ ಬರ್ಲಿ? ಅವನೇ ನಿಂತು ಮಾಡ್ಸಲಿ.”

“ಅಣ್ಣಾ, ನಾನಲ್ಲ. ಈ ಹುಡುಗಿ ಗಾಡಿ ಎಲ್ಲಿ ತಿರುಗ್ಸಿದ್ಲೋ ಅಲ್ಲಿಗೆ ಹೋದೆ.”

ನಾನು ಪುಸ್ತಕದಿಂದ ತಲೆ ಎತ್ತಿದೆ.

“ಹಂಗಾದ್ರೆ ಆ ಹುಡುಗೀನೂ ಬರ್ಲಿ. ಯಾವ ಲೆಕ್ಕದಲ್ಲಿ ನನ್ನ ಹಿಂದೆ ಹಾಕಿದ್ಲು, ನಾನೇ ಕೇಳ್ತೀನಿ. ಗುರುವಾರ ಬೆಳಿಗ್ಗೆ ಬನ್ನಿ. ಆಮೇಲೆ ನಾನು ಊರಲ್ಲಿರ್ತೀನೋ ಇಲ್ವೋ.”

“ಬರ್ತೀವಣ್ಣ, ಎಲ್ರೂ ಬರ್ತೀವಿ,” ಎಂದು ದೊಡ್ಡಮ್ಮ ಫೋನಿಟ್ಟರು. ಗುರುವಾರ ಬೆಳಿಗ್ಗೆ ನನ್ನ ಪರೀಕ್ಷೆ ಎಂದು ಅವರಿಗೆ ಗೊತ್ತಿತ್ತು. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ.

“ಗುರುವಾರ ನಾನು ಬರಲ್ಲ ದೊಡ್ಡಮ್ಮ. ಪರೀಕ್ಷೆ.”

“ಪರೀಕ್ಷೆ ಇನ್ನೊಂದ್ಸಲ ಕಟ್ಟಿದ್ರಾಯ್ತು. ಮದುವೆ ಇನ್ನೊಂದ್ಸಲ ಮಾಡಕ್ಕಾಗುತ್ತಾ?”

“ಇನ್ನೊಂದ್ಸಲ ಇಲ್ಲ. ಎಷ್ಟು ಸಲ ಹೇಳ್ಲಿ? ಈ ಪೇಪರ್ ಹೋದ್ರೆ ಡಿಗ್ರಿನೇ ಇಲ್ಲ.”

“ಇಲ್ದಿದ್ರೆ ಏನೀಗ? ನಮ್ಮನೇಲಿ ಯಾರಿಗಿದೆ? ಅಂಗಡಿ ನಡೀತಿಲ್ವಾ, ಊಟ ಮಾಡ್ತಿಲ್ವಾ? ಅಲ್ಲಿ ನಮ್ಮಣ್ಣ ಮಂಟಪಕ್ಕೆ ಬರಲ್ಲ ಅಂತಿದ್ದಾನೆ, ಇವಳಿಗೆ ಪೇಪರ್ ಅಂತೆ.”

ದೊಡ್ಡಪ್ಪ ಗೋಡೆಯ ಕಡೆ ನೋಡುತ್ತಿದ್ದರು. ಮಂಜಣ್ಣ ಮೊಬೈಲ್ ನೋಡುತ್ತಿದ್ದ. ಇಡೀ ತಿಂಗಳು ಇವರ ಮರ್ಯಾದೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಅಲೆದವಳು ನಾನು. ನನ್ನ ಒಂದು ಬೆಳಗನ್ನು ನನಗೆ ಬಿಡಿ ಎಂದರೆ ಇಷ್ಟು ಮಾತು.

ಆಗ ಅಡುಗೆಮನೆಯ ಬಾಗಿಲಿನ ಹಿಂದಿನಿಂದ ಅಮ್ಮ ಹೊರಗೆ ಬಂದಳು. ಕೈಯೆಲ್ಲ ಕೋಡುಬಳೆಯ ಹಿಟ್ಟು.

“ಅಕ್ಕ, ಅವಳ ಬದಲು ನಾನು ಬರ್ತೀನಿ. ಅವಳನ್ನ ಕೇಳೋದೆಲ್ಲ ನನ್ನನ್ನ ಕೇಳ್ಲಿ.”

“ನೀನಾ? ಕರೆಯಕ್ಕೆ ಹೋಗೋವಾಗ ನೀನು…” ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿದರು.

“ಕುಂಕುಮ ನೀವು ಕೊಡಿ. ನಾನು ವಿಭೂತಿ ಕೊಡ್ತೀನಿ. ಅದನ್ನ ಯಾರು ಕೊಟ್ರೂ ಆಗುತ್ತೆ ಅಲ್ವಾ?”

ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅಮ್ಮ ಅಷ್ಟು ಉದ್ದದ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ಮತ್ತೆ ಒಳಗೆ ಹೋಗಿ ಹಿಟ್ಟು ನಾದತೊಡಗಿದಳು.

ಗುರುವಾರ ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿ ದೊಡ್ಡಪ್ಪ, ದೊಡ್ಡಮ್ಮ, ಅಮ್ಮ ಮೂವರೂ ಒಂದು ಆಟೋ ಹತ್ತಿದರು. ನಡುವೆ ಅಮ್ಮ, ತೊಡೆಯ ಮೇಲೆ ವಿಭೂತಿಯ ತಟ್ಟೆ, ಕೋಡುಬಳೆಯ ಡಬ್ಬಿ. ನಾನು ಗಾಡಿ ಹತ್ತಿದೆ. ಹಿಂದಿನ ಸೀಟು ಖಾಲಿ ಇದ್ದುದಕ್ಕೋ ಏನೋ, ಗಾಡಿ ಎರಡು ಸಲ ಓಲಾಡಿತು. ಪ್ರಶ್ನೆಪತ್ರಿಕೆಯ ಮೊದಲ ಹತ್ತು ನಿಮಿಷ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅಂಜನಾಪುರದ ಹಾಲಿನಲ್ಲಿ ಅಮ್ಮನನ್ನು ಯಾರು ಎಲ್ಲಿ ಕೂರಿಸಿದರೋ ಎಂಬುದೇ ಕಣ್ಣ ಮುಂದೆ. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಾಸ್ಟ್ ಶೀಟ್ ಬರೆದೆ. ಕೊನೆಯ ಸಾಲು ಸರಿಯಾಗಿ ಬಂದು ಕೂತಾಗ ಕಣ್ಣು ಒದ್ದೆಯಾಗಿತ್ತು.

ಅಂಜನಾಪುರದಲ್ಲಿ ಏನಾಯಿತು ಎಂದು ಸಂಜೆ ದೊಡ್ಡಪ್ಪ ಹೇಳಿದರು. ಮಾವ ಕುರ್ಚಿಯಲ್ಲಿ ಬಿಗಿದುಕೊಂಡು ಕೂತು “ಆ ಹುಡುಗಿ ಎಲ್ಲಿ?” ಎಂದರಂತೆ. ಅಮ್ಮ ವಿಭೂತಿಯ ತಟ್ಟೆ ಮುಂದಿಟ್ಟು, “ಪರೀಕ್ಷೆ ಬರೀತಿದ್ದಾಳೆ ಅಣ್ಣ. ಕೊನೇ ಪರೀಕ್ಷೆ, ಇವತ್ತು ಬಿಟ್ರೆ ಇನ್ನಿಲ್ಲ. ಅದಕ್ಕೇ ನಾನು ಬಂದೆ,” ಎಂದಳಂತೆ. ಮಾವ ವಿಭೂತಿ ಹಚ್ಚಿಕೊಂಡು, ತಂಗಿಯ ಕಡೆ ತಿರುಗಿ, “ಪರೀಕ್ಷೆ ಇದ್ರೆ ಮೊದ್ಲೇ ಹೇಳಬಾರ್ದೇನೇ? ನಾನೇನು ರಾಕ್ಷಸನಾ?” ಎಂದು ರೇಗಿದರಂತೆ.

ಇಷ್ಟೇ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮನೆಮನೆಗೂ ಹೋಗಿ ಎಷ್ಟೆಲ್ಲ ಮಾತಾಡುವ ನಮ್ಮ ಜನಕ್ಕೆ ಆಡಬೇಕಾದ ಆ ಒಂದು ಮಾತು ಬಾಯಿಗೆ ಬರುವುದಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಭಾನುವಾರ ಮಾವ ರೇಷ್ಮೆ ಪಂಚೆ ಉಟ್ಟು ಎಲ್ಲರಿಗಿಂತ ಮೊದಲೇ ಛತ್ರಕ್ಕೆ ಬಂದರು, ಮಂಟಪದಲ್ಲಿ ನಿಂತು ಎಲ್ಲವನ್ನೂ ಮಾಡಿಸಿದರು, ಒಬ್ಬಟ್ಟು ಗಟ್ಟಿಯಾಗಿದೆ ಎಂದು ಬೈದರು. ಅಮ್ಮ ಮಾತ್ರ ಎಂದಿನ ಹಾಗೆ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು.

ಪೇಪರ್ ಪಾಸಾಯಿತು. ಸರ್ಟಿಫಿಕೇಟ್ ಕೈಗೆ ಬರಲು ಮತ್ತೊಂದು ಮಳೆಗಾಲ ಕಳೆಯಬೇಕಾಯಿತು. ವೇದಿಕೆ, ಕಪ್ಪು ಗೌನು ಏನೂ ಇಲ್ಲ. ಕಾಲೇಜಿನ ಆಫೀಸಿನ ಕಿಂಡಿಯಲ್ಲಿ ಗುಮಾಸ್ತರು “ಇಲ್ಲೊಂದು ಸೈನ್ ಹಾಕಿ ಮೇಡಂ” ಎಂದು ಲಕೋಟೆ ತಳ್ಳಿದರು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಮೇಡಂ ಎಂದಿರಲಿಲ್ಲ. ಹೊರಗಿನ ಮರದ ಕೆಳಗೆ ನಿಂತು ಅದರ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಹೆಬ್ಬೆರಳುಗಳು, ಹೂಗುಚ್ಛಗಳು ಉದುರಿದವು. ದೊಡ್ಡಮ್ಮನಿಂದ ಏನೂ ಇಲ್ಲ.

ಸಂಜೆ ನಾನೂ ಅಮ್ಮನೂ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಮಹಡಿಯ ಮೆಟ್ಟಿಲ ಮೇಲಿನಿಂದ ದನಿ ಕೇಳಿತು.

“ಫೋನಲ್ಲಿ ಬಂತು, ನೋಡ್ದೆ. ಮನೆಗೆ ಬಂದು ಹೇಳೋರು ಯಾರೂ ಇಲ್ವಾ?”

ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಮೆಟ್ಟಿಲಸಾಲು. ನಾನು ಹಲ್ಲು ಕಚ್ಚಿದೆ. ಅಮ್ಮ ಆಗಲೇ ಎದ್ದು, ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಸರ್ಟಿಫಿಕೇಟ್ ಎತ್ತಿಕೊಂಡಿದ್ದಳು.

ಮೇಲೆ ಹೋದೆವು. ಅಮ್ಮ ಎರಡೂ ಕೈಯಲ್ಲಿ ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟು, “ಕಾವ್ಯ ಡಿಗ್ರಿ ಮುಗಿಸಿದ್ಲು ಅಕ್ಕ” ಎಂದಳು. ದೊಡ್ಡಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಎದ್ದು ದೇವರ ಮುಂದಿನ ಬಟ್ಟಲಿನಲ್ಲಿ ಬೆರಳದ್ದಿದರು.

“ದೊಡ್ಡಮ್ಮಾ, ಬೇಡ! ಅದು ಒರಿಜಿನಲ್ಲು!”

ಅಷ್ಟರಲ್ಲಿ ಒಂದು ಮೂಲೆಗೆ ಅರಿಶಿನ ಹತ್ತಿಯಾಗಿತ್ತು. ಉಳಿದ ಮೂರು ಮೂಲೆಯನ್ನು ನಾನು ಕೈ ಅಡ್ಡ ಹಿಡಿದು ಉಳಿಸಿಕೊಂಡೆ.

“ಕಿರುಚಬೇಡ. ಬರೀ ಕಾಗದ ಹಿಡ್ಕೊಂಡು ಹೋಗಕ್ಕಾಗುತ್ತಾ ಯಾರ ಮನೆಗಾದ್ರೂ?” ದೊಡ್ಡಮ್ಮ ಸರ್ಟಿಫಿಕೇಟನ್ನು ಅಮ್ಮನ ಕೈಗೇ ವಾಪಸು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಗಾಡಿ ತೆಗಿ. ನಿಮ್ಮಮ್ಮನ್ನ ಹಿಂದೆ ಕೂರಿಸ್ಕೋ. ಮೊದ್ಲು ಅಂಜನಾಪುರ, ಆಮೇಲೆ ತಿಲಕ್‌ನಗರ. ತಿಳೀತಾ?”